ಭಾವಗೀತೆಗೆ ಅಕಾರ್ಡಿಯನ್: ಚುಚ್ಚುವ ನಾದವನ್ನು ಮೆದುಗೊಳಿಸುವುದು ಹೇಗೆ?

ಪ್ರಶ್ನೆ: ಕಡಲತಡಿ

ಎಲ್ಲರಿಗೂ ನಮಸ್ಕಾರ. ನನ್ನ ಸೋದರಮಾವನವರಿಂದ ನನಗೆ ಬಂದಿರುವ, ಜರ್ಮನಿಯಲ್ಲಿ ತಯಾರಾದ 80 ಬೇಸ್‌ನ (ಎಡಗೈಗೆ 80 ಗುಂಡಿಗಳಿರುವ) ಹಳೆಯ ಪಿಯಾನೊ ಅಕಾರ್ಡಿಯನ್ ಒಂದರ ವಿಚಾರವಾಗಿ ಬಲ್ಲವರ ಸಲಹೆ ಬೇಕಾಗಿದೆ. ಬಲಗೈ ಕಡೆ 37 ಮನೆಗಳಿವೆ, ಅಂದರೆ ಬೆರಳಿನಿಂದ ಒತ್ತುವ ಕೀಲಿಗಳು. ಪ್ರತಿ ಮನೆಗೂ ಮೂರು ಸಾಲಿನ ರೀಡುಗಳಿದ್ದು (ಗಾಳಿಗೆ ಕಂಪಿಸುವ ಲೋಹದ ನಾಲಿಗೆಗಳು), ಅವುಗಳಲ್ಲಿ ಒಂದು ಕೆಳಸ್ಥಾಯಿಯದು, ಉಳಿದೆರಡು ಮಧ್ಯಸ್ಥಾಯಿಯವು. ಮನೆಗಳ ಮೇಲ್ಭಾಗದಲ್ಲಿ, ಯಾವ ಸಾಲು ನುಡಿಯಬೇಕೆಂದು ಆರಿಸುವ ಐದು ರಿಜಿಸ್ಟರ್ ಗುಂಡಿಗಳಿವೆ. ತಿದಿ ಗಟ್ಟಿಯಾಗಿದೆ, ಎಲ್ಲಿಯೂ ಹರಿದಿಲ್ಲ.

ನಮ್ಮ ಊರಿನ ಸುಗಮ ಸಂಗೀತ ತಂಡದಲ್ಲಿ ಭಾವಗೀತೆಗಳಿಗೆ ಇದನ್ನು ನುಡಿಸುತ್ತಿದ್ದೇನೆ. ತಂಡದಲ್ಲಿ ತಬಲಾ, ಕೊಳಲು ಮತ್ತು ಇಬ್ಬರು ಗಾಯಕಿಯರಿದ್ದಾರೆ. ಸಮಸ್ಯೆ ಏನೆಂದರೆ, ವಾದ್ಯದ ಧ್ವನಿ ಕಿವಿಗೆ ಚುಚ್ಚುವಂತಿದೆ, ಅದರಲ್ಲಿಯೂ ಮೇಲಿನ ಮನೆಗಳಿಗೆ ಹೋದಾಗ ಕೊಳಲನ್ನೂ ಹಾಡನ್ನೂ ಒಟ್ಟಿಗೆ ನುಂಗಿಬಿಡುತ್ತದೆ. ನಿಧಾನಗತಿಯ ಹಾಡುಗಳಲ್ಲಿ ಈ ವಾದ್ಯದ ಜೊತೆ ಶ್ರುತಿ ಹಿಡಿಯುವುದೇ ಕಷ್ಟವೆಂದು ಗಾಯಕಿಯರು ಹೇಳುತ್ತಾರೆ. ಹಳೆಯ ಹಿಂದಿ ಚಿತ್ರಗೀತೆಗಳ ವಾದ್ಯವೃಂದದಲ್ಲಿ ಎನೋಕ್ ಡೇನಿಯಲ್ಸ್, ಕೇರ್ಸಿ ಲಾರ್ಡ್ ಮೊದಲಾದವರು ನುಡಿಸಿದ ಅಕಾರ್ಡಿಯನ್ ನಾದದ ತುಂಬುತನ ಇದರಲ್ಲಿ ಇಲ್ಲ.

ನನಗೆ ಈವರೆಗೆ ಸಿಕ್ಕಿರುವುದು ಮೂರು ಸಲಹೆಗಳು. ಮುಂಭಾಗದ ಜಾಲರಿಯ ಒಳಗೆ ಸ್ಪಂಜು ತುಂಬಬೇಕೆಂದು ಒಬ್ಬರು ಹೇಳಿದರು. ರೀಡುಗಳನ್ನು ಉಜ್ಜಿಸಿ ಹೊಸದಾಗಿ ಶ್ರುತಿ ಮಾಡಿಸಬೇಕೆಂಬುದು ಇನ್ನೊಬ್ಬರ ಮಾತು. ಮೂರನೆಯವರು, ಉತ್ತಮ ಅಕಾರ್ಡಿಯನ್‌ಗಳಲ್ಲಿ ಕಸೊಟ್ಟೊ ಎಂಬ ಮರದ ಪೆಟ್ಟಿಗೆ ಇರುತ್ತದೆ, ಒಳ್ಳೆಯ ಬಡಗಿಯಿಂದ ಅದನ್ನು ಮಾಡಿಸಿ ಕೂರಿಸಬಹುದು ಎಂದರು. ಇವುಗಳಲ್ಲಿ ಯಾವುದನ್ನು ಮೊದಲು ಮಾಡುವುದು ಸರಿ, ಯಾವುದರಿಂದ ವಾದ್ಯಕ್ಕೆ ಹಾನಿಯಾಗಬಹುದು ಎಂಬುದನ್ನು ದಯವಿಟ್ಟು ತಿಳಿಸಬೇಕು.

ಉತ್ತರ: ನಾದಲೋಲ

ತಾವು ಒಂದೇ ತೊಂದರೆ ಎಂದು ಬರೆದಿರುವುದರಲ್ಲಿ ಎರಡು ತೊಂದರೆಗಳು ಬೆರೆತಿವೆ. ಕಿವಿಗೆ ಚುಚ್ಚುವುದು ಒಂದು, ಗಾಯಕಿಯರಿಗೆ ಶ್ರುತಿ ಸಿಗದಿರುವುದು ಇನ್ನೊಂದು. ಇವೆರಡಕ್ಕೂ ಕಾರಣ ಬೇರೆ, ಮದ್ದೂ ಬೇರೆ. ಜಾಲರಿಗೆ ಏನನ್ನು ತುಂಬಿದರೂ ಎರಡನೆಯ ತೊಂದರೆ ಹಾಗೆಯೇ ಉಳಿಯುತ್ತದೆ. ರೀಡುಗಳನ್ನು ಎಷ್ಟೇ ಚೆನ್ನಾಗಿ ಶ್ರುತಿ ಮಾಡಿಸಿದರೂ ಮೊದಲನೆಯದು ಪೂರ್ತಿ ಹೋಗುವುದಿಲ್ಲ. ಆದ್ದರಿಂದ ಹಣ ಖರ್ಚು ಮಾಡುವ ಮೊದಲು ಇವನ್ನು ಬಿಡಿಸಿ ನೋಡುವುದು ಅಗತ್ಯ.

ಚುಚ್ಚುವಿಕೆಯ ವಿಚಾರವನ್ನು ಮೊದಲು ನೋಡೋಣ. ಅಕಾರ್ಡಿಯನ್ನಿನ ಉಕ್ಕಿನ ನಾಲಿಗೆ ತನ್ನ ಕಂಪನದಿಂದ ನೇರವಾಗಿ ಹೊರಡಿಸುವ ಸದ್ದು ಅತ್ಯಲ್ಪ. ಅದು ಲೋಹದ ತಗಡಿನ ಸೀಳಿನಲ್ಲಿ ಆಡುತ್ತಾ ತಿದಿಯಿಂದ ಬರುವ ಗಾಳಿಯನ್ನು ತುಂಡು ತುಂಡಾಗಿ ಕಡಿಯುತ್ತದೆ, ಆ ಗಾಳಿಯ ತುಂಡುಗಳೇ ನಮಗೆ ನಾದವಾಗಿ ಕೇಳಿಸುತ್ತವೆ. ಹೀಗೆ ಹಠಾತ್ತನೆ ಕಡಿದ ಗಾಳಿಯಲ್ಲಿ ಮೂಲಸ್ವರದ ಜೊತೆಗೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನದ ಮೇಲುಸ್ವರಗಳು ಬಹಳ ಹೆಚ್ಚಾಗಿರುತ್ತವೆ: ಸೆಕೆಂಡಿಗೆ 440 ಕಂಪನದ ಸ್ವರ ನುಡಿಸಿದಾಗ 880, 1320, 1760 ಎಲ್ಲವೂ ಜೊತೆಯಲ್ಲಿಯೇ ಬರುತ್ತವೆ. ಕೊಳಲಿನಲ್ಲಿರುವಂತೆ ಸ್ವರವನ್ನು ಆಳುವ ಕೊಳವೆ ಇಲ್ಲಿ ಇಲ್ಲ. ರೀಡಿನಿಂದ ಹೊರಟದ್ದು, ಮನೆ ಒತ್ತಿದಾಗ ಏಳುವ ಮುಚ್ಚಳದ ಕಿಂಡಿ ದಾಟಿ, ಜಾಲರಿ ದಾಟಿ, ಹೆಚ್ಚುಕಡಿಮೆ ಹಾಗೆಯೇ ಹೊರಗೆ ಬರುತ್ತದೆ. ಧ್ವನಿಯನ್ನು ಬೆಚ್ಚಗಾಗಿಸುವುದು ಎಂದರೆ ಈ ಮೇಲುಸ್ವರಗಳನ್ನು ದಾರಿಯಲ್ಲಿ ತಗ್ಗಿಸುವುದು. ತಿದಿಯನ್ನು ಜೋರಾಗಿ ಒತ್ತಿದಷ್ಟೂ ಇವು ಹೆಚ್ಚುತ್ತವೆ ಎಂಬುದನ್ನೂ ನೆನಪಿನಲ್ಲಿಡಬೇಕು. ಮೈಕ್ ಇಲ್ಲದ ಕಾಲದಲ್ಲಿ ನೃತ್ಯದ ಸಭಾಂಗಣ ತುಂಬುವಂತೆ ನುಡಿಸುವ ಅಭ್ಯಾಸ ಈ ವಾದ್ಯಕ್ಕೆ ಅಂಟಿಕೊಂಡು ಬಂದಿದೆ. ಭಾವಗೀತೆಗೆ ಅಷ್ಟು ಒತ್ತಡ ಬೇಕಿಲ್ಲ.

ಇನ್ನು ಶ್ರುತಿಯ ವಿಚಾರ. ತಮ್ಮ ವಾದ್ಯದಲ್ಲಿ ಮಧ್ಯಸ್ಥಾಯಿಯ ಎರಡು ಸಾಲುಗಳಿವೆಯಲ್ಲ, ಅವು ಒಂದೇ ಶ್ರುತಿಯಲ್ಲಿ ಇರುವುದಿಲ್ಲ. ಒಂದನ್ನು ನೇರಕ್ಕೆ ಇಟ್ಟು ಇನ್ನೊಂದನ್ನು ಬೇಕೆಂದೇ ಸ್ವಲ್ಪ ಏರಿಸಿರುತ್ತಾರೆ. ಒಂದು ಸಾಲಿನಲ್ಲಿ 440 ಇದ್ದು ಇನ್ನೊಂದರಲ್ಲಿ 445 ಇದ್ದರೆ, ಎರಡೂ ಸೇರಿ ಸೆಕೆಂಡಿಗೆ 5 ಸಲ ನಾದ ಏರಿಳಿಯುತ್ತದೆ. ಯುರೋಪಿನ ಜಾನಪದ ನೃತ್ಯಗಳಿಗೂ ಪ್ಯಾರಿಸ್ಸಿನ ಮ್ಯೂಸೆಟ್ ಸಂಗೀತಕ್ಕೂ ಈ ಅಲೆಯೇ ಜೀವಾಳ. ಆದರೆ ನಮ್ಮ ಗಾಯಕಿ ಈ ಎರಡರಲ್ಲಿ ಯಾವುದನ್ನು ಷಡ್ಜವೆಂದು ಹಿಡಿಯಬೇಕು? ಅವರ ದೂರು ನ್ಯಾಯವಾಗಿಯೇ ಇದೆ.

ರಿಜಿಸ್ಟರ್ ಗುಂಡಿಗಳ ಮೇಲಿನ ಗುರುತನ್ನು ನೋಡಿ. ಅಡ್ಡಗೆರೆಗಳಿಂದ ಮೂರು ಅಂತಸ್ತಾಗಿ ಭಾಗಿಸಿದ ವೃತ್ತವಿರುತ್ತದೆ. ಕೆಳಗಿನ ಅಂತಸ್ತಿನ ಚುಕ್ಕೆ ಕೆಳಸ್ಥಾಯಿಯ ಸಾಲನ್ನು, ನಡುವಿನ ಚುಕ್ಕೆಗಳು ಮಧ್ಯಸ್ಥಾಯಿಯ ಸಾಲುಗಳನ್ನು ಸೂಚಿಸುತ್ತವೆ. ನಡುವೆ ಒಂದೇ ಚುಕ್ಕೆ ಇದ್ದರೆ ಅದು ಕ್ಲಾರಿನೆಟ್, ಕೆಳಗೆ ಮಾತ್ರ ಇದ್ದರೆ ಬಸೂನ್, ಕೆಳಗೊಂದು ನಡುವೊಂದು ಇದ್ದರೆ ಬ್ಯಾಂಡೋನಿಯನ್. ಈ ಮೂರರಲ್ಲಿಯೂ ಏರಿಸಿದ ಸಾಲು ನುಡಿಯದಂತೆ ಜೋಡಿಸಿರುವುದೇ ರೂಢಿ, ಹಾಗಾಗಿ ಅಲೆ ಇರುವುದಿಲ್ಲ. ಭಾವಗೀತೆಗೆ ಬ್ಯಾಂಡೋನಿಯನ್ ಗುಂಡಿಯೇ ಎಲ್ಲಕ್ಕಿಂತ ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ. ಫೋನಿನ ಟ್ಯೂನರ್ ಇಟ್ಟುಕೊಂಡು ಒಂದೊಂದು ಗುಂಡಿಯಲ್ಲಿಯೂ ಒಂದೇ ಮನೆಯನ್ನು ಮೆಲ್ಲಗೆ ನುಡಿಸಿ, ಏನು ಕಂಡಿತೆಂದು ಇಲ್ಲಿ ಬರೆಯಿರಿ. ಅದಕ್ಕಿಂತ ಮೊದಲು ಸ್ಕ್ರೂ ಡ್ರೈವರ್ ಮುಟ್ಟುವುದು ಬೇಡ.

ಉತ್ತರ: ಪೇಟಿಮಾಸ್ತರ, ಹುಬ್ಬಳ್ಳಿ

ನಾದಲೋಲ ಅವರ ಮಾತನ್ನು ಹಾರ್ಮೋನಿಯಂ ಬಲ್ಲವರಿಗೆ ತಿಳಿಯುವಂತೆ ಹೇಳುವುದಾದರೆ, ಬ್ಯಾಂಡೋನಿಯನ್ ಗುಂಡಿ ಎಂಬುದು ನಮ್ಮ ಪೇಟಿಯ ಖರ್ಜ-ನರ (ಕೆಳಸ್ಥಾಯಿ ಮತ್ತು ಮಧ್ಯಸ್ಥಾಯಿ ರೀಡುಗಳ) ಜೋಡಿಯೇ. ನಮ್ಮಲ್ಲಿ ಹಾಡುಗಾರರ ಸಾಥಿಗೆ ಆ ಜೋಡಿಯನ್ನು ಅಲೆ ಏಳದಂತೆ ಕೂಡಿಸುವುದೇ ಶ್ರುತಿ ಮಾಡುವವನ ಕೆಲಸ. ಅಲೆ ಎದ್ದರೆ ಗಿರಾಕಿಗಳು ಪೇಟಿಯನ್ನು ವಾಪಸು ತರುತ್ತಾರೆ.

ನಾನು ಬರೆಯಬೇಕೆಂದಿರುವುದು ರೀಡು ಉಜ್ಜುವ ಸಲಹೆಯ ಬಗ್ಗೆ. ಊರಿನಲ್ಲಿ ಹಾರ್ಮೋನಿಯಂ ರಿಪೇರಿ ಮಾಡುವವರು ಸಿಗುತ್ತಾರೆಂದು ಅಕಾರ್ಡಿಯನ್ನನ್ನು ಅವರ ಕೈಗೆ ಕೊಟ್ಟುಬಿಡಬೇಡಿ, ನಾನೂ ಅದೇ ಕಸುಬಿನವನಾಗಿ ಇದನ್ನು ಹೇಳುತ್ತಿದ್ದೇನೆ. ನಮ್ಮ ಪೇಟಿಯ ರೀಡು ಹಿತ್ತಾಳೆಯದು. ಗುಜರಾತಿನ ಪಾಲಿತಾಣಾದ ರೀಡಿಗೆ ಇಂದಿಗೂ ಹೆಸರಿದೆ. ಅದು ಸ್ಕ್ರೂನಿಂದ ಹಲಗೆಗೆ ಬಿಗಿದಿರುತ್ತದೆ ಮತ್ತು ಗಾಳಿ ಒಂದೇ ದಿಕ್ಕಿಗೆ ಹೋಗುವುದರಿಂದ ಪ್ರತಿ ಸ್ವರಕ್ಕೆ ಒಂದು ನಾಲಿಗೆ ಸಾಕು. ಅಕಾರ್ಡಿಯನ್ನಿನಲ್ಲಿ ತಿದಿ ಎಳೆದಾಗಲೂ ಒತ್ತಿದಾಗಲೂ ಅದೇ ಸ್ವರ ಬರಬೇಕು, ಆದ್ದರಿಂದ ಒಂದೊಂದು ತಗಡಿನಲ್ಲಿಯೂ ಎದುರುಬದುರಾಗಿ ಎರಡು ಉಕ್ಕಿನ ನಾಲಿಗೆಗಳನ್ನು ರಿವೆಟ್ ಮಾಡಿರುತ್ತಾರೆ. ಆ ತಗಡುಗಳನ್ನು ಮರದ ಕಟ್ಟೆಯ ಮೇಲೆ ಜೇನುಮೇಣಕ್ಕೆ ರಾಳ ಬೆರೆಸಿ ಅಂಟಿಸಿರುತ್ತಾರೆ. ಹೆಚ್ಚಿನ ನಾಲಿಗೆಗಳಿಗೆ ಆಚೆ ಬದಿಯಲ್ಲಿ ತೆಳುವಾದ ಚರ್ಮದ ಪಟ್ಟಿಯೊಂದು ಇದ್ದು, ಗಾಳಿ ತಪ್ಪು ಸೀಳಿನಿಂದ ನುಗ್ಗದಂತೆ ಅದು ತಡೆಯುತ್ತದೆ.

ನಾಲಿಗೆಯ ತುದಿಯಲ್ಲಿ ಲೋಹ ತೆಗೆದರೆ ಸ್ವರ ಏರುತ್ತದೆ, ರಿವೆಟ್ಟಿನ ಬಳಿ ತೆಗೆದರೆ ಇಳಿಯುತ್ತದೆ. ಇದು ಹಿತ್ತಾಳೆಗೂ ಉಕ್ಕಿಗೂ ಒಂದೇ. ತಮ್ಮ ವಾದ್ಯದಲ್ಲಿ ಏರಿಸಿಟ್ಟ ಸಾಲನ್ನು ಇಳಿಸಬೇಕಾದುದರಿಂದ ಬುಡದಲ್ಲಿಯೇ ಉಜ್ಜಬೇಕು, ಅಂದರೆ ನಾಲಿಗೆ ಬಾಗುವ ಜಾಗದಲ್ಲಿಯೇ ಲೋಹ ಕಡಿಮೆಯಾಗುತ್ತದೆ. 37 ಮನೆಗಳಿಗೆ 74 ನಾಲಿಗೆಗಳು. ಉಜ್ಜಿದ ಲೋಹ ಮರಳಿ ಬರುವುದಿಲ್ಲ. ಸಾಲದ್ದಕ್ಕೆ, ಕಟ್ಟೆಯನ್ನು ಹೊರಗೆ ತೆಗೆದು ಮೇಜಿನ ಮೇಲೆ ಊದಿ ನೋಡಿದಾಗ ಬರುವ ಶ್ರುತಿ ಒಂದು, ಅದೇ ಕಟ್ಟೆಯನ್ನು ವಾದ್ಯದೊಳಗೆ ಕೂರಿಸಿ ನುಡಿಸಿದಾಗ ಬರುವುದು ಇನ್ನೊಂದು. ಆ ವ್ಯತ್ಯಾಸವನ್ನು ಮೊದಲೇ ಮನೆಮನೆಗೂ ಬರೆದಿಟ್ಟುಕೊಂಡು ಕೆಲಸ ಮಾಡುವವರ ಕೈಗೆ ಮಾತ್ರ ಇದನ್ನು ಒಪ್ಪಿಸಬೇಕು.

ಬಹಳ ಹಳೆಯ ವಾದ್ಯವಾದುದರಿಂದ ಕರ್ಕಶತನಕ್ಕೆ ಇನ್ನೂ ಕೆಲವು ಕಾರಣಗಳು ಇರಬಹುದು. ಚರ್ಮದ ಪಟ್ಟಿಗಳು ಒಣಗಿ ಸುರುಳಿಯಾದರೆ ಪ್ರತಿ ಸ್ವರದ ಆರಂಭದಲ್ಲಿ ಬುಸ್ಸೆಂಬ ಅಥವಾ ಪಟಕ್ಕೆಂಬ ಸದ್ದು ಸೇರುತ್ತದೆ. ಮೇಣ ಒಣಗಿ ಬಿರಿದರೆ ತಗಡು ಸಡಿಲಗೊಂಡು ಗುಂಯ್‌ಗುಡುತ್ತದೆ. ಮನೆಗಳ ಕೆಳಗಿನ ಮುಚ್ಚಳದ ಫೆಲ್ಟ್ ಸವೆದರೆ ಬೆರಳು ಎತ್ತಿದಾಗಲೆಲ್ಲ ಕಟಕಟ ಕೇಳಿಸುತ್ತದೆ. ಇವೆಲ್ಲವನ್ನೂ ಜನ ಒಟ್ಟಾಗಿ 'ಧ್ವನಿ ಒರಟು' ಎನ್ನುತ್ತಾರೆ. ಇವನ್ನು ಸರಿಪಡಿಸುವುದು ಮಾರ್ಪಾಡಲ್ಲ, ದುರಸ್ತಿ, ಮತ್ತು ದುರಸ್ತಿ ಮೊದಲು ಆಗಬೇಕು. ತಿದಿಯ ಪಟ್ಟಿ ಬಿಚ್ಚಿ, ಯಾವ ಮನೆಯನ್ನೂ ಒತ್ತದೆ, ಒಂದು ಬದಿಯನ್ನು ಹಿಡಿದು ಇನ್ನೊಂದು ಬದಿಯನ್ನು ಅದರ ತೂಕಕ್ಕೇ ಇಳಿಯಬಿಡಿ. ನಿಧಾನವಾಗಿ ಇಳಿದರೆ ಒಳ್ಳೆಯದು, ಸರ್ರನೆ ಜಾರಿದರೆ ಎಲ್ಲೋ ಗಾಳಿ ಸೋರುತ್ತಿದೆ. ಸೋರುವ ವಾದ್ಯವನ್ನು ಜೋರಾಗಿ ಒತ್ತಿಯೇ ನುಡಿಸಬೇಕಾಗುತ್ತದೆ, ಆಗ ಮೃದುತ್ವದ ಮಾತೇ ಬರುವುದಿಲ್ಲ.

ಉತ್ತರ: ಸ್ಟುಟ್‌ಗಾರ್ಟ್ ಕನ್ನಡಿಗ

ಕಸೊಟ್ಟೊ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ನಾನು ಬರೆಯುತ್ತೇನೆ. ಅಕಾರ್ಡಿಯನ್ ತಯಾರಿಸುವ ಹೋನರ್ ಸಂಸ್ಥೆ 1857ರಲ್ಲಿ ಆರಂಭವಾದ ಟ್ರಾಸಿಂಗನ್ ಪಟ್ಟಣ ನಾನಿರುವ ರಾಜ್ಯದಲ್ಲಿಯೇ ಇದೆ. ಅಲ್ಲಿನ ಹಾರ್ಮೋನಿಕಾ ವಸ್ತುಸಂಗ್ರಹಾಲಯದ ಹೆಸರು ಕೇಳಿರಬಹುದು.

ಸಾಮಾನ್ಯ ಅಕಾರ್ಡಿಯನ್ನಿನಲ್ಲಿ ರೀಡಿನ ಕಟ್ಟೆಗಳು ತಳಹಲಗೆಯ ಹಿಂದೆ ನಿಂತಿರುತ್ತವೆ, ಹಲಗೆಯ ಮುಂದೆ ಮುಚ್ಚಳಗಳಿರುತ್ತವೆ, ಅದರ ಮುಂದೆಯೇ ಜಾಲರಿ. ಕಸೊಟ್ಟೊ ಇರುವ ವಾದ್ಯದಲ್ಲಿ ಕೆಳಸ್ಥಾಯಿಯ ಸಾಲನ್ನೂ ಮಧ್ಯಸ್ಥಾಯಿಯ ಒಂದು ಸಾಲನ್ನೂ ಪ್ರತ್ಯೇಕವಾದ ಇಕ್ಕಟ್ಟಾದ ಕೋಣೆಯೊಂದರ ಪಕ್ಕಕ್ಕೆ ತಿರುಗಿಸಿ ಕೂರಿಸಿರುತ್ತಾರೆ. ನಾದವು ಆ ಕೋಣೆಯ ಗೋಡೆಗಳಿಗೆ ತಾಗಿ, ತಿರುವು ತೆಗೆದುಕೊಂಡು ಹೊರಬರುವಷ್ಟರಲ್ಲಿ ಮೇಲುಸ್ವರಗಳ ಮೊನೆ ಮುರಿದಿರುತ್ತದೆ. ಮನೆಯೊಂದನ್ನು ಒತ್ತಿದಾಗ ಕೋಣೆಯ ಒಳಗಿನದು ಮತ್ತು ಹೊರಗಿನದು ಹೀಗೆ ಎರಡು ಮುಚ್ಚಳಗಳು ಒಟ್ಟಿಗೆ ಏಳಬೇಕು. ಅಂದರೆ ಸನ್ನೆಗಳು ಬೇರೆ, ತಳಹಲಗೆ ಬೇರೆ, ಇಡೀ ಒಡಲಿನ ಅಳತೆಯೇ ಬೇರೆ. ಇಂತಹದನ್ನು ಸಿದ್ಧವಾಗಿರುವ ವಾದ್ಯದೊಳಗೆ ತುರುಕಲು ಜಾಗವೇ ಇಲ್ಲ. ಬಡಗಿಯ ಕೌಶಲದ ಪ್ರಶ್ನೆ ಇಲ್ಲಿ ಬರುವುದಿಲ್ಲ. ಸಲಹೆ ಕೊಟ್ಟವರು ಒಳಗನ್ನು ಬಿಚ್ಚಿ ನೋಡಿದಂತೆ ಕಾಣುವುದಿಲ್ಲ.

ಕಸೊಟ್ಟೊ ನಾದವೇ ಬೇಕೆಂದರೆ ಅದಿರುವ ವಾದ್ಯವನ್ನೇ ಕೊಳ್ಳಬೇಕು. ಹೋನರ್‌ನ ಗೋಲಾ, ಇಟಲಿಯ ಕಾಸ್ಟೆಲ್‌ಫಿದಾರ್ಡೊದಲ್ಲಿ ತಯಾರಾಗುವ ದೊಡ್ಡ ವಾದ್ಯಗಳು ಈ ವರ್ಗದವು. ಬೆಲೆ ಲಕ್ಷಗಳಲ್ಲಿರುತ್ತದೆ. 120 ಬೇಸ್‌ನದಾದರೆ ತೂಕ 11-12 ಕಿಲೋ ಎಂದಿಟ್ಟುಕೊಳ್ಳಿ, ಇಡೀ ಸಂಜೆ ತೊಡೆಯ ಮೇಲೆ ಇಟ್ಟುಕೊಳ್ಳಲು ಅದೇನೂ ಹಗುರವಲ್ಲ. ಭಾವಗೀತೆಗೆ ಅದು ಅನಿವಾರ್ಯವೆಂದು ನನಗೆ ಅನಿಸುವುದಿಲ್ಲ. ಅಮೆರಿಕದ ಜಾಝ್ ವಾದಕ ಆರ್ಟ್ ವ್ಯಾನ್ ಡ್ಯಾಮ್ ಅವರ ನುಡಿಸಾಣಿಕೆಯನ್ನು ಕೇಳಿ ನೋಡಿ. ಅಲೆಯಿಲ್ಲದ ನಾದ ಮತ್ತು ಹಗುರವಾದ ತಿದಿ ಎರಡೇ ಎಷ್ಟು ಕೆಲಸ ಮಾಡುತ್ತವೆ ಎಂಬುದು ಗೊತ್ತಾಗುತ್ತದೆ.

ಪ್ರತಿಕ್ರಿಯೆ: ಕಡಲತಡಿ

ಮೂವರಿಗೂ ಧನ್ಯವಾದಗಳು. ತಿಳಿಸಿದಂತೆ ಪರೀಕ್ಷಿಸಿದೆ. ನಡುವಿನ 'ಎ' ಮನೆಯಲ್ಲಿ ಒಂದು ಸಾಲು 440 ತೋರಿಸಿತು, ಎರಡೂ ಸೇರಿದಾಗ ಸೆಕೆಂಡಿಗೆ ಸುಮಾರು 5 ಅಲೆಗಳು ಎಣಿಕೆಗೆ ಸಿಕ್ಕವು.  ಆದರೆ ಬ್ಯಾಂಡೋನಿಯನ್ ಗುಂಡಿ ಒತ್ತಿದರೂ ಅಲೆ ಹೋಗುವುದಿಲ್ಲ, ಮೂರೂ ಸಾಲು ನುಡಿಯುವ ಮಾಸ್ಟರ್ ಗುಂಡಿಗೂ ಅದಕ್ಕೂ ವ್ಯತ್ಯಾಸವೇ ಕೇಳಿಸುವುದಿಲ್ಲ. ಕ್ಲಾರಿನೆಟ್ ಗುಂಡಿಯೂ ಹಾಗೆಯೇ. ಮಳೆಗಾಲದಲ್ಲಿ ಈ ಗುಂಡಿಗಳು ಇನ್ನೂ ಬಿಗಿಯಾಗುತ್ತವೆ. ತಿದಿಯ ಪರೀಕ್ಷೆಯಲ್ಲಿ ನಿಧಾನವಾಗಿಯೇ ಇಳಿಯಿತು. ಸ್ವಲ್ಪ ಎಣ್ಣೆ ಬಿಟ್ಟರೆ ಗುಂಡಿ ಸಡಿಲವಾದೀತೇ? ಜಾಲರಿಯ ಒಳಗೆ ಏನನ್ನು ಎಷ್ಟು ದಪ್ಪಕ್ಕೆ ಹಾಕಬೇಕೆಂಬುದನ್ನೂ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ನಾದಲೋಲ

ಎಣ್ಣೆಯನ್ನು ಖಂಡಿತ ಬಿಡಬೇಡಿ. ಕಟ್ಟೆಗಳ ಬುಡದಲ್ಲಿ ಉದ್ದನೆಯ ತೆಳು ಲೋಹದ ಪಟ್ಟಿಗಳಿದ್ದು, ಗುಂಡಿ ಒತ್ತಿದಾಗ ಅವು ಸರಿದು ಒಂದೊಂದು ಸಾಲಿನ ಕಿಂಡಿಗಳನ್ನು ಮುಚ್ಚುತ್ತವೆ ಅಥವಾ ತೆರೆಯುತ್ತವೆ. ಏರಿಸಿದ ಸಾಲಿನ ಪಟ್ಟಿ ತೆರೆದ ಸ್ಥಿತಿಯಲ್ಲಿಯೇ ಸಿಕ್ಕಿಕೊಂಡಿದೆ ಎಂದು ತಮ್ಮ ವಿವರಣೆಯಿಂದ ತಿಳಿಯುತ್ತದೆ. ಕರಾವಳಿಯ ತೇವಕ್ಕೆ ಮರ ಉಬ್ಬಿ ಪಟ್ಟಿಯನ್ನು ಹಿಡಿದಿರಬಹುದು, ಇಲ್ಲವೇ ಧೂಳು ಕಟ್ಟಿರಬಹುದು. ಎಣ್ಣೆ ಮರಕ್ಕೂ ಚರ್ಮಕ್ಕೂ ಇಳಿಯುತ್ತದೆ, ಧೂಳನ್ನೂ ಎಳೆಯುತ್ತದೆ. ಕಟ್ಟೆಯನ್ನು ಹೊರತೆಗೆದು ಪಟ್ಟಿಯನ್ನು ಒಣಬಟ್ಟೆಯಿಂದ ಒರೆಸಿ, ಬೇಕಾದರೆ ಚೂರು ಗ್ರಾಫೈಟ್ ಪುಡಿ ಸವರಿದರೆ ಸಾಕು. ಕಟ್ಟೆ ತೆಗೆಯಲು ತಿದಿಯ ಅಂಚಿನ ಮೊಳೆಗಳನ್ನು ಕೀಳಬೇಕಾಗುತ್ತದೆ. ಒಂದೊಂದು ಮೊಳೆಯೂ ತನ್ನ ರಂಧ್ರಕ್ಕೇ ಮರಳಬೇಕು, ಆದ್ದರಿಂದ ಅವನ್ನು ಕ್ರಮವಾಗಿ ರಟ್ಟಿಗೆ ಚುಚ್ಚಿಟ್ಟುಕೊಳ್ಳಿ. ಒಳಗೆ ತುಕ್ಕು ಕಂಡರೆ ಒರೆಸಲು ಹೋಗದೆ ಫೋಟೋ ತೆಗೆದು ಇಲ್ಲಿ ಹಾಕಿ. ಕೆಲಸ ಮುಗಿದ ಮೇಲೆ ವಾದ್ಯದ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳನ್ನು ಇಡುವುದು ಒಳ್ಳೆಯದು. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನಲ್ಲಿ ಮಾತ್ರ ವಾದ್ಯವನ್ನು ಬಿಡಬೇಡಿ, ಮೇಣ ಮೆತ್ತಗಾಗಿ ತಗಡುಗಳು ಜಾರುತ್ತವೆ.

ಜಾಲರಿಗೆ ಸ್ಪಂಜು ಬೇಡ. ಕೆಲವು ವರ್ಷಗಳಲ್ಲಿ ಅದು ಅಂಟಾಗಿ ಪುಡಿಯಾಗುತ್ತದೆ. ಆ ಪುಡಿಯ ಒಂದು ಕಣ ನಾಲಿಗೆಗೂ ಸೀಳಿಗೂ ನಡುವೆ ಕೂತರೂ ಆ ಸ್ವರ ಕಟ್ಟಿಕೊಳ್ಳುತ್ತದೆ. ತೆಳುವಾದ ಉಣ್ಣೆಯ ಫೆಲ್ಟನ್ನು ಜಾಲರಿಯ ಒಳಮೈಗೆ, ತೆಗೆಯಲು ಬರುವಂತೆ, ಎರಡು ಅಂಚುಗಳಲ್ಲಿ ಮಾತ್ರ ಅಂಟಿಸಿ. ಮೊದಲು ಜಾಲರಿಯ ಮೂರನೆಯ ಒಂದು ಭಾಗವನ್ನಷ್ಟೇ ಮುಚ್ಚಿ ಕೇಳಿ ನೋಡಿ, ಸಾಲದಿದ್ದರೆ ಅರ್ಧಕ್ಕೆ ಹೋಗಿ. ಮನೆಗಳನ್ನೆಲ್ಲ ಒತ್ತಿ ಮುಚ್ಚಳಗಳು ಪೂರ್ತಿ ಎದ್ದಾಗಲೂ ಫೆಲ್ಟ್ ಅವುಗಳಿಂದ ದೂರವಿರಬೇಕು.

ಉತ್ತರ: ಪೇಟಿಮಾಸ್ತರ, ಹುಬ್ಬಳ್ಳಿ

ಅರ್ಧ ಜಾಲರಿ ಮುಚ್ಚುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಮುಚ್ಚಳದ ಎದುರಿನ ಗಾಳಿಯ ದಾರಿ ಇಕ್ಕಟ್ಟಾದರೆ ಕೆಳಸ್ಥಾಯಿಯ ರೀಡು ತಡವಾಗಿ ಏಳುತ್ತದೆ, ಅದರ ಶ್ರುತಿಯೂ ಕೊಂಚ ಇಳಿಯುತ್ತದೆ. ಮನೆಯನ್ನು ಅರ್ಧಕ್ಕೆ ಮಾತ್ರ ಒತ್ತಿ ತಿದಿಯನ್ನು ಬಿಗಿಯಾಗಿ ಎಳೆದರೆ ಸ್ವರ ಕೆಳಗೆ ಬಾಗುವುದನ್ನು ನೀವೇ ಕೇಳಬಹುದು, ಅದೇ ಸಂಗತಿ ಇಲ್ಲಿಯೂ ಸಣ್ಣ ಪ್ರಮಾಣದಲ್ಲಿ ನಡೆಯುತ್ತದೆ. ಶ್ರುತಿಯ ದೂರು ಕಳೆಯಲು ಹೊರಟು ಹೊಸ ದೂರು ತರುವುದು ಬೇಡ. ಫೆಲ್ಟ್ ಹಾಕುವುದಿದ್ದರೆ ಮೇಲುಸ್ಥಾಯಿಯ ಮನೆಗಳ ಎದುರಿಗೆ ಮಾತ್ರ ಹಾಕಿ, ಅಲ್ಲಿಗೆ ಅಷ್ಟು ಗಾಳಿ ಬೇಡ.

ವೇದಿಕೆಯಲ್ಲಿ ಮೈಕ್ ಬಳಸುವವರಾದರೆ ಇದರ ಅರ್ಧ ಕೆಲಸ ಮೈಕಿನಿಂದಲೇ ಆಗುತ್ತದೆ. ಮೇಲುಸ್ವರಗಳು ಜಾಲರಿಯಿಂದ ನೇರ ಮುಂದಕ್ಕೆ ಹೆಚ್ಚು ಹೋಗುತ್ತವೆ. ಮೈಕನ್ನು ಜಾಲರಿಯ ಎದುರಿಗೆ ಮೂಗಿಗೆ ಹಿಡಿದಂತೆ ಇಡದೆ, ಮೊಣಕಾಲಿನ ಕಡೆಯಿಂದ ಓರೆಯಾಗಿ ಒಂದೂವರೆ ಅಡಿ ದೂರದಲ್ಲಿ ಇಟ್ಟು ನೋಡಿ.

ಕೊನೆಗೊಂದು ಮಾತು. ಪಟ್ಟಿ ಸಡಿಲವಾಗಿ ಬ್ಯಾಂಡೋನಿಯನ್ ಗುಂಡಿ ಕೆಲಸ ಮಾಡತೊಡಗಿದ ಮೇಲೆಯೂ ಎರಡು ಸಾಲಿನ ನಾದ ಬೇಕೆನಿಸಿ ಶ್ರುತಿ ಮಾಡಿಸುವುದಾದರೆ, ಏರಿಸಿದ ಸಾಲನ್ನು ಸೊನ್ನೆಗೆ ತರಿಸಬೇಡಿ. ಅರ್ಧ ಸ್ವರದ ಅಂತರವನ್ನು ನೂರು ಪಾಲು ಮಾಡಿದ ಸೆಂಟ್ ಲೆಕ್ಕದಲ್ಲಿ ಈಗ ಸುಮಾರು 20 ಸೆಂಟ್ ಇದೆ, ನಡುವಿನ ಮನೆಗಳಲ್ಲಿ 8ಕ್ಕೆ ತರಿಸಿ. ಆಗ 440ಕ್ಕೆ 442 ಎದುರಾಗಿ ಸೆಕೆಂಡಿಗೆ 2 ಅಲೆ ಉಳಿಯುತ್ತದೆ. ಸೊನ್ನೆಗೆ ಇಟ್ಟ ಜೋಡಿ ಹವೆ ಬದಲಾದಾಗ ಮನೆಮನೆಗೂ ಒಂದೊಂದು ರೀತಿ ಅಲುಗತೊಡಗುತ್ತದೆ, ಅದು ಈಗಿನದಕ್ಕಿಂತ ಕೆಟ್ಟದಾಗಿ ಕೇಳಿಸುತ್ತದೆ. ಶ್ರುತಿ ಮಾಡುವವರಿಗೆ ವಾದ್ಯ ಒಪ್ಪಿಸುವಾಗ ಈ ಅಂಕಿಗಳನ್ನು ಬಾಯಿಮಾತಿನಲ್ಲಿ ಹೇಳದೆ ಚೀಟಿಯಲ್ಲಿ ಬರೆದು ಕೊಡಿ, ನೇರಕ್ಕಿರುವ ಸಾಲನ್ನು ಮುಟ್ಟಬಾರದೆಂದೂ ಅದರಲ್ಲಿಯೇ ಸೇರಿಸಿ.